ಪೆಟ್ಟಿಗೆಯಿಂದ ಹೊರಬೀಳದ ಮಾತು

ರಾಣೆಬೆನ್ನೂರು
೨೨ ಮಾರ್ಚ್ ೨೦೦೯, ಭಾನುವಾರ

ಪ್ರೀತಿಯ ಶರೀಫಾಬಿ ಖಾಲಾ,

ಸಲಾಂ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬಿಸಿಲಿಗೆ ಹೋಗಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಪಾಲಿಸುತ್ತಿದ್ದೀರೋ ಇಲ್ಲವೋ? ಜೀವಮಾನವೆಲ್ಲ ಆಸ್ಪತ್ರೆಯಲ್ಲಿ ರೋಗಿಗಳನ್ನು ಗದರಿಸಿದ ನರ್ಸಮ್ಮ, ತನ್ನ ಸರದಿ ಬಂದಾಗ ಯಾರ ಮಾತನ್ನೂ ಕೇಳುವುದಿಲ್ಲ ಎಂದು ಅಮ್ಮಿ ದಿನಾ ಗೊಣಗುತ್ತಾಳೆ. ನಿಮ್ಮ ಕಣ್ಣಿಗೆ ತ್ರಾಸಾಗದಿರಲಿ ಎಂದು ಅಕ್ಷರಗಳನ್ನು ದಪ್ಪಗೆ ಬರೆಯುತ್ತಿದ್ದೇನೆ. ನಾವೆಲ್ಲ ಆರಾಮ. ತಮ್ಮ ಜಾವೇದನ ಅಂಗಡಿಯಲ್ಲಿ ಮದುವೆ ಹೊಲಿಗೆಯ ಸುಗ್ಗಿ. ಮಷೀನು ತುಳಿದು ತುಳಿದು ಕಾಲು ನೋವೆಂದು ಹೇಳಿ ರಾತ್ರಿ ನನ್ನಿಂದಲೇ ಚಹಾ ಮಾಡಿಸಿಕೊಳ್ಳುತ್ತಾನೆ.

ಫೋನಿನಲ್ಲಿ ನೀವು ಕೇಳಿದಾಗಲೆಲ್ಲ 'ಕೆಲಸ ಭಾಳ' ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದೆ. ಆ ಕೆಲಸ ಯಾವುದು ಎಂದು ಈಗ ಹೇಳುತ್ತೇನೆ. ನಮ್ಮ ಮಹಿಳಾ ಸಹಾಯ ಕೇಂದ್ರದಲ್ಲಿ ನಾನು ಟೈಪು ಮಾಡುವವಳು ಎಂಬುದು ನಿಮಗೆ ಗೊತ್ತೇ ಇದೆ. ಹೊಡೆತ ಬಡಿತ ತಾಳಲಾರದೆ ಬಂದ ಹೆಂಗಸರು ಅಂಜಲಿ ವಕೀಲರ ಮುಂದೆ ಕುಳಿತು ಹೇಳಿದ್ದೆಲ್ಲ ನನ್ನ ಬೆರಳಿನಿಂದ ಕಂಪ್ಯೂಟರಿಗೆ ಇಳಿಯುತ್ತದೆ. ಹೋದ ವರ್ಷ ಕುಪ್ಪೇಲೂರಿನಿಂದ ಉಚ್ಚಂಗೆವ್ವ ಎಂಬಾಕೆ ಬಂದಳು. ಗಂಡ ಅವಳ ಎಡಗೈ ಮುರಿದಿದ್ದ, ಅದು ಸೊಟ್ಟಗೇ ಕೂಡಿಕೊಂಡಿತ್ತು. ಅವಳಿಗೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಕೊಡಿಸಿ, ಅಲ್ಲಿಯೇ ಮಂಗಳವ್ವ ಎಂಬ ಹಿರಿಯಳ ಮನೆಯಲ್ಲಿ ಇರಿಸಿದೆವು. ಈ ವಿಳಾಸ ಕೇಂದ್ರದವರಿಗೆ ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ.

ಆದರೆ ನಮ್ಮ ಕಂಪ್ಯೂಟರಿನಲ್ಲಿ ಯಾವುದೋ ವೈರಸ್ ಸೇರಿಕೊಂಡು ಕೂತಿತ್ತು. ಪೆನ್‌ಡ್ರೈವ್ ಸಿಕ್ಕಿಸಿದರೆ ಸಾಕು, ನಮಗೆ ತಿಳಿಯದ ಹಾಗೆ ಒಳಗಿನ ಫೈಲುಗಳನ್ನು ಅದಕ್ಕೆ ತುಂಬಿಬಿಡುತ್ತಿತ್ತು. ಜಾಗೃತಿ ಶಿಬಿರದ ಕರಪತ್ರ ಮುದ್ರಿಸಲು ಕೊಟ್ಟಿದ್ದ ಪೆನ್‌ಡ್ರೈವ್‌ನಲ್ಲಿ ಉಚ್ಚಂಗೆವ್ವನ ಹೇಳಿಕೆಯೂ ಬ್ಯಾಡಗಿಯ ವಿಳಾಸದ ಸಮೇತ ಹೋಯಿತು. ಮುದ್ರಣದ ಅಂಗಡಿಯಲ್ಲಿ ಕೂತಿದ್ದವನು ಅವಳ ಗಂಡನ ಅಣ್ಣತಮ್ಮಂದಿರ ಪೈಕಿ. ಮರುವಾರವೇ ಗಂಡ ಬ್ಯಾಡಗಿಗೆ ಬಂದು, ಕೆಲಸದ ಜಾಗಕ್ಕೇ ನುಗ್ಗಿ, ಅವಳ ಜಡೆ ಹಿಡಿದು ಎಳೆದ. ಮಂಗಳವ್ವ ಅವನ ಮುಂದೆ ಅಡ್ಡ ನಿಂತು, 'ಈಕಿನ್ನ ಒಯ್ಯೂದಾದ್ರ ನಮ್ಮನ್ನೆಲ್ಲಾ ದಾಟಿ ಒಯ್ಯಪಾ' ಎಂದಳಂತೆ. ಸುತ್ತ ಕೂತಿದ್ದ ಹೆಂಗಸರೆಲ್ಲ ಮೊರ ಬಿಟ್ಟು ಎದ್ದರು. ಅವನು ಬೈಯುತ್ತ ಹಿಂದೆ ಸರಿದ.

ಅಂದು ಸಂಜೆ ಉಚ್ಚಂಗೆವ್ವನನ್ನು ನಮ್ಮ ಮನೆಗೇ ಕರೆತಂದೆ. ಹಾವೇರಿ ಕೋರ್ಟಿನಲ್ಲಿ ಕೇಸು ನಡೆಯಬೇಕಾದರೆ ಅವಳ ಪೂರ್ತಿ ಹೇಳಿಕೆಯನ್ನು ಹೊಸದಾಗಿ ಬರೆಯಬೇಕಿತ್ತು, ಮುಚ್ಚಿಟ್ಟಿದ್ದ ಎಷ್ಟೋ ಸಂಗತಿ ಬಾಕಿ ಇತ್ತು. ಆದರೆ ಆಕೆ ಬಾಯಿ ಬಿಡಲೊಲ್ಲಳು. 'ನನ್ನ ಮಾತು ನಿಮ್ಮ ಪೆಟ್ಟಿಗ್ಯಾಗಿಂದ ಹೊರಗ ಬಿದ್ದಾವ್ರಿ ಸಾಜಿಯಾಬಾಯಿ. ಇನ್ನ ಯಾರಿಗೂ ಏನೂ ಹೇಳಂಗಿಲ್ಲ' ಎಂದು ಗೋಡೆಯ ಕಡೆ ಮುಖ ಮಾಡಿ ಕುಳಿತಳು. ಬರಿ ಕಾಗದದ ಮೇಲೆ ಬರೆಯೋಣವೆಂದರೆ ಕೇಂದ್ರದ ಕಪಾಟಿಗೆ ಒಂದು ಗಟ್ಟಿ ಬೀಗವೂ ಇಲ್ಲ. ಅವಳು ಹೇಳುವುದರಲ್ಲಿ ತಪ್ಪೇನಿದೆ, ಖಾಲಾ? ಅವಳ ಮಾತನ್ನು ಪೆಟ್ಟಿಗೆಗೆ ಹಾಕಿದವಳು ನಾನು. ಹೊರಗೆ ಬೀಳದಂಥ ಪೆಟ್ಟಿಗೆಯನ್ನು ಮಾಡಿಯೇ ತೀರುತ್ತೇನೆ ಎಂದು ಅಂದೇ ನಿಶ್ಚಯಿಸಿದೆ.

ದಾನಿಯೊಬ್ಬರು ಕೇಂದ್ರಕ್ಕೆ ಒಂದು ಹೊಚ್ಚ ಹೊಸ ಲ್ಯಾಪ್‌ಟಾಪ್ ಕೊಟ್ಟಿದ್ದರು. ಕಂಪ್ಯೂಟರ್ ನಡೆಸುವ ಮೂಲ ವ್ಯವಸ್ಥೆಗಳಲ್ಲಿ ಭದ್ರತೆಯನ್ನೇ ಎಲ್ಲಕ್ಕಿಂತ ಮುಂದಿಟ್ಟು ಬರೆದ ಒಂದಿದೆ. ಹಾವೇರಿಯಲ್ಲಿ ಕಂಪ್ಯೂಟರ್ ಕೋರ್ಸ್ ಮಾಡುವಾಗ ಅದರ ಬಗ್ಗೆ ಓದಿದ್ದೆ, ಹಳೆಯ ಯಂತ್ರವೊಂದರಲ್ಲಿ ಹಾಕಿಯೂ ನೋಡಿದ್ದೆ. ಹೆಸರು ಹೇಳಿದರೆ ನಿಮಗೆ ಬರಿ ಇಂಗ್ಲಿಷ್ ಅಕ್ಷರಗಳ ಸರ ಅನ್ನಿಸೀತು, ಬಿಡಿ. ಹೊಸ ಯಂತ್ರದಲ್ಲಿ ಇನ್ನೂ ಸುಲಭವಾದೀತು ಎಂದುಕೊಂಡೆ. ಆದದ್ದು ಉಲ್ಟಾ. ಇದನ್ನು ಬರೆಯುವವರು ಲೋಕದ ಮೂಲೆಮೂಲೆಯಲ್ಲಿ ತಮ್ಮ ಬಿಡುವಿನಲ್ಲಿ ಬರೆಯುವ ಮಂದಿ. ಅಂಗಡಿಗೆ ನಿನ್ನೆ ಬಂದ ಯಂತ್ರದ ಬಿಡಿಭಾಗಗಳ ಪರಿಚಯ ಅವರಿಗೆ ಆಗುವಷ್ಟರಲ್ಲಿ ಆ ಯಂತ್ರ ಹಳತಾಗಿರುತ್ತದೆ.

ಸಿಡಿ ಹಾಕಿದೆ. ನೀಲಿ ಪರದೆಯ ಮೇಲೆ ಬಿಳಿ ಸಾಲುಗಳು ಓಡಿ, ಒಂದು ಕಡೆ ಗಕ್ಕನೆ ನಿಂತವು. ಕೀಲಿ ಒತ್ತಿದರೂ ಮಿಸುಕಾಟವಿಲ್ಲ. ಜಾವೇದ ಇಣುಕಿ ನೋಡಿ, 'ಹೊಸಾದು ಕೆಡಿಸಿ ಕುಂತಿ ನೋಡ' ಎಂದ. ಸಿಡಿಯೇ ಸರಿಯಿಲ್ಲವೇನೋ ಎಂದು ಇನ್ನೊಂದು ಬರೆಸಿಕೊಂಡು ಬಂದೆ. ಮತ್ತೆ ಅದೇ ಸಾಲಿಗೆ ನಿಂತಿತು. ಸಿಡಿ ಕೆಟ್ಟಿದ್ದರೆ ಹೊಸದಾದರೂ ಮುಂದೆ ಹೋಗಬೇಕಿತ್ತು. ಹಾಗಾದರೆ ತಪ್ಪು ಯಂತ್ರದ ಒಳಗೇ ಇದೆ ಎಂದು ಪರದೆಯ ಕೊನೆಯ ಸಾಲುಗಳನ್ನು ಕೈಯಿಂದ ಬರೆದುಕೊಂಡು, ಹಾವೇರಿಯ ಇಂಟರ್‌ನೆಟ್ ಸೆಂಟರಿಗೆ ಬಸ್ಸು ಹತ್ತಿದೆ. ಈ ವ್ಯವಸ್ಥೆಯ ಬಳಕೆದಾರರಿಗೆ ಒಂದು ಮೇಲ್ ಬಳಗವಿದೆ. ನನ್ನ ಹರಕು ಮುರುಕು ಇಂಗ್ಲಿಷಿನಲ್ಲಿ ಕೇಳಿದೆ. ಎರಡನೆಯ ಸಲ ಹೋದಾಗ ಯಾರೋ ಉತ್ತರಿಸಿದ್ದರು. ನಮಸ್ಕಾರವಿಲ್ಲ, ಚಮತ್ಕಾರವಿಲ್ಲ, ಎರಡೇ ಸಾಲು: ವಿದ್ಯುತ್ ಉಳಿತಾಯ ನೋಡಿಕೊಳ್ಳುವ ಭಾಗಕ್ಕೂ ನಿನ್ನ ಯಂತ್ರಕ್ಕೂ ಹೊಂದುವುದಿಲ್ಲ, ಶುರುವಾಗುವಾಗಲೇ ಆ ಭಾಗವನ್ನು ಬಂದ್ ಮಾಡು. ಮನೆಗೆ ಬಂದು ಹಾಗೇ ಮಾಡಿದೆ. ನಿಂತಿದ್ದ ಸಾಲುಗಳು ಮುಂದೆ ಓಡಿದವು. ನಾನು ಕೂಗಿದ ರಭಸಕ್ಕೆ ಅಮ್ಮಿ ಲಟ್ಟಣಿಗೆ ಹಿಡಿದುಕೊಂಡೇ ಬಂದಳು.

ಆ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. 'ಈ ಯಂತ್ರದಲ್ಲಿ ಡಿಸ್ಕ್ ಇಲ್ಲ' ಎಂದಿತು. ಬರೆದದ್ದೆಲ್ಲ ಉಳಿಯುವ ಆ ಡಿಸ್ಕ್ ಒಳಗೇ ಇದೆ! ಯಂತ್ರ ಶುರುವಾಗುವ ಮೊದಲು ಬರುವ ಸೆಟ್ಟಿಂಗ್ ಪುಟಗಳನ್ನು ಒಂದೊಂದೇ ತೆರೆದು ನೋಡಿದೆ. ಡಿಸ್ಕು ಹೊಸ ಪದ್ಧತಿಯಲ್ಲಿ ವ್ಯವಹರಿಸುವಂತೆ ಇಟ್ಟಿದ್ದರು. ಅದನ್ನು ಹಳೆಯ ಪದ್ಧತಿಗೆ ತಿರುಗಿಸಿದ ಮೇಲೆ ಡಿಸ್ಕು ಕಂಡಿತು, ವ್ಯವಸ್ಥೆ ಇಳಿಯಿತು. ಕನ್ನಡದ ಒತ್ತಕ್ಷರಗಳು ಕೆಳಗಿರುವ ಬದಲು ಪಕ್ಕಕ್ಕೆ ಬಂದು ನಿಂತಿದ್ದವು. ಬೇರೆ ಅಕ್ಷರಶೈಲಿ ಹಾಕಿ ಅವನ್ನೂ ಕೆಳಗೆ ಕೂರಿಸಿದೆ. ಕೊನೆಗೆ ಉಳಿದದ್ದು ಇಂಟರ್‌ನೆಟ್. ತಂತಿಯಿಂದಲೂ ಬರಲಿಲ್ಲ, ತಂತಿಯಿಲ್ಲದೆಯೂ ಬರಲಿಲ್ಲ, ಎರಡರ ಚಿಪ್‌ಗಳೂ ಅದಕ್ಕೆ ಅಪರಿಚಿತ. ಮತ್ತೆ ಹಾವೇರಿಗೆ ಅಲೆದೆ, ಮತ್ತೆ ಕೇಳಿದೆ, 'ಮುಂದಿನ ಆವೃತ್ತಿಯವರೆಗೆ ಕಾಯಿ' ಎಂದರು. ಸೋತ ಮುಖ ಹೊತ್ತು ವಾಪಸು ಬರುವಾಗ, ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತಿದ್ದಾಗ, ನನ್ನ ಮೇಲೆ ನನಗೇ ನಗು ಬಂತು. ಹೆಂಗಸರ ಗುಟ್ಟು ಕಾಯುವ ಪೆಟ್ಟಿಗೆಗೆ ಊರ ಕಡೆ ಬಾಗಿಲು ಯಾಕೆ ಬೇಕು? ಮನೆಗೆ ಬಂದವಳೇ ಜಾವೇದನ ಮಷೀನಿನ ಸ್ಕ್ರೂಡ್ರೈವರ್ ತೆಗೆದುಕೊಂಡು ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿ, ತಂತಿಯಿಲ್ಲದ ಸಂಪರ್ಕದ ಆ ಪುಟ್ಟ ಕಾರ್ಡನ್ನೇ ಕಿತ್ತು ಹಾಕಿದೆ.

ಇನ್ನು ಉಚ್ಚಂಗೆವ್ವನಿಗೆ ನಂಬಿಕೆ ಬರಬೇಕಿತ್ತು. ಬಾಯಿಮಾತಿನ ಭರವಸೆ ಆಕೆಗೆ ಸಾಕಾಗಿಹೋಗಿತ್ತು. ಅವಳನ್ನು ಕೇಂದ್ರಕ್ಕೆ ಕರೆದೊಯ್ದು ಪಕ್ಕದಲ್ಲಿ ಕೂರಿಸಿಕೊಂಡು, ನನ್ನದೇ ಹೆಸರು, ವಿಳಾಸ, ಮನೆಯ ಸುದ್ದಿ ಟೈಪು ಮಾಡಿ, ಗುಪ್ತ ಸಂಕೇತದ ಕೀಲಿ ಹಾಕಿ ಯಂತ್ರ ಆರಿಸಿದೆ. ಆಮೇಲೆ ಡಿಸ್ಕನ್ನೇ ಹೊರಗೆ ತೆಗೆದು ಅಂಜಲಿ ವಕೀಲರ ಕಂಪ್ಯೂಟರಿಗೆ ಜೋಡಿಸಿದೆ. 'ಈಗ ಇದು ಕಳ್ಳರ ಕೈಗೆ ಸಿಕ್ಕೈತಿ ಅಂತ ತಿಳಿ. ಹುಡುಕೂನು ಬಾ' ಎಂದೆ. ತೆರೆದಲ್ಲೆಲ್ಲ ಅರ್ಥವಿಲ್ಲದ ಗೀಚು ಗೀಚು ಗುರುತುಗಳೇ. ಉಚ್ಚಂಗೆವ್ವ ಓದು ಬಾರದವಳಾದರೂ ಪರದೆಯ ಮೇಲೆ ನನ್ನ ಊರಿನ ಹೆಸರು ಎಲ್ಲಾದರೂ ಬಂತೇ ಎಂದು ವಕೀಲರನ್ನು ಮತ್ತೆ ಮತ್ತೆ ಕೇಳಿದಳು. 'ಎಲ್ಲೂ ಇಲ್ಲವ್ವ, ನನಗೂ ಓದಾಕ ಬರವಲ್ದು' ಎಂದರು ಅವರು. ಆಕೆ ಸೊಟ್ಟ ಕೈಯನ್ನು ಸೆರಗಿನಿಂದ ಹೊರಗೆ ತೆಗೆದು ಮೇಜಿನ ಮೇಲಿಟ್ಟು, 'ಹಂಗಾರ ಬರ್ಕೋರಿ' ಎಂದಳು.

ಅವತ್ತು ಅವಳು ಹೇಳಿದ್ದನ್ನು ನಿಮಗೂ ಬರೆಯುವುದಿಲ್ಲ, ಖಾಲಾ. ನಡುವೆ ಒಮ್ಮೆ ಟೈಪು ಮಾಡಲಾಗದೆ ನಾನೇ ಎದ್ದು ಹೋಗಿ ಮುಖ ತೊಳೆದು ಬಂದೆ, ಅವಳು ಮಾತ್ರ ನಿಲ್ಲಿಸಲಿಲ್ಲ. ಹೋದ ವಾರ ಹಾವೇರಿಯಲ್ಲಿ ನ್ಯಾಯಾಧೀಶರ ಮುಂದೆಯೂ ಅಷ್ಟೇ ಗಟ್ಟಿಯಾಗಿ ನಿಂತಳು. ಗಂಡ ಅವಳ ಹತ್ತಿರ ಸುಳಿಯಕೂಡದು ಎಂದು ಆದೇಶವಾಗಿದೆ. ಮೇಡ್ಲೇರಿ, ಐರಣಿ ಕಡೆಯಿಂದ ಬರುವ ಹೆಂಗಸರ ಹೇಳಿಕೆಗಳೂ ಈಗ ಅದೇ ಪೆಟ್ಟಿಗೆಗೆ ಇಳಿಯುತ್ತವೆ.

ಅಮ್ಮಿಯೂ ಜಾವೇದನೂ ನಿಮಗೆ ಸಲಾಂ ಹೇಳಿದ್ದಾರೆ. ಅಲ್ಲಾಹನು ನಿಮ್ಮ ಕಣ್ಣಿನ ಬೆಳಕು ಕಾಪಾಡಲಿ, ನಿಮ್ಮ ದುವಾದಲ್ಲಿ ನಮಗೂ ಒಂದಿಷ್ಟು ಜಾಗವಿರಲಿ.

ನಿಮ್ಮ ಕೈಯಲ್ಲಿ ಬೆಳೆದ
ಸಾಜಿಯಾ

ತಾ.ಕ.: ಇದನ್ನು ಮೊದಲೇ ಬರೆದಿದ್ದರೆ ನೀವು ಮೇಲಿನದನ್ನು ಓದದೆ ಎದ್ದುಬಿಡುತ್ತಿದ್ದಿರಿ, ಅದಕ್ಕೇ ಕೊನೆಗೆ ಇಟ್ಟೆ. ಕೋರ್ಟಿನ ಆದೇಶವೇನೋ ಕೈಯಲ್ಲಿದೆ, ಆದರೆ ಆ ಗಂಡನ ತಮ್ಮಂದಿರು ಎರಡು ದಿನದಿಂದ ನಮ್ಮ ಓಣಿಯಲ್ಲಿ ಸುತ್ತುತ್ತಿದ್ದಾರೆ. ನಿಮ್ಮ ಮನೆಗೆ ಬಂದು ಹುಡುಕುವ ಯೋಚನೆ ಅವರಿಗೆ ಕನಸಿನಲ್ಲೂ ಬರಲಾರದು. ನಿಮ್ಮನ್ನು ಕೇಳದೆ ಮಾಡಿದೆ, ಬೈಯುವುದಿದ್ದರೆ ನನ್ನನ್ನು ಬೈಯಿರಿ. ಆಕೆ ಮಾಂಸ ತಿನ್ನುವುದಿಲ್ಲ, ಒಂದು ಗಡಿಗೆ ಬೇರೆ ಇಟ್ಟುಕೊಡಿ. ಎಡಗೈಯಿಂದ ಭಾರ ಎತ್ತಿಸಬೇಡಿ. ಕಾಗದವನ್ನು ಒಲೆಗೆ ಹಾಕಿ. ಇದನ್ನು ತಂದುಕೊಟ್ಟವಳು ಇನ್ನೂ ಬಾಗಿಲಲ್ಲೇ ನಿಂತಿರಬೇಕು, ಒಳಗೆ ಕರೆಯಿರಿ ಖಾಲಾ. ಆಕೆಯೇ ಉಚ್ಚಂಗೆವ್ವ.