ಹೊಂಗೆ ಮರದ ಪಕ್ಕದ ಪೆಟ್ಟಿಗೆ

ಸೆಪ್ಟೆಂಬರ್ 12, ಬೆಳಿಗ್ಗೆ

ಅತ್ತೆಗೆ ಇನ್ಹೇಲರ್ ಕೊಟ್ಟು ಟ್ಯೂಷನ್ ಮಕ್ಕಳ ಪೇಪರ್ ತಿದ್ದಲು ಕೂತೆ. ಹೊರಗೆ ಡ್ರಿಲ್ಲಿಂಗ್ ಸದ್ದು. ಗೇಟಿನ ಹೊಂಗೆ ಮರದ ಪಕ್ಕ ಕಂಬ ನೆಡುತ್ತಿದ್ದರು — ಮೇಲೆ ಸೋಲಾರ್ ಪ್ಯಾನೆಲ್, ಕೈಗೆಟುಕುವಲ್ಲಿ ಬಿಳಿ ಪೆಟ್ಟಿಗೆ. ಗಾಳಿ ಅಳೆಯುವ ಸೆನ್ಸರ್ ಅಂತೆ. ಸರ್ಕಾರದ ಇನ್ನೋವೇಶನ್ ಸ್ಕೀಮು, ಯಾವುದೋ ಸ್ಟಾರ್ಟಪ್‌ಗೆ ಗ್ರಾಂಟು, ಪದ್ಮನಾಭನಗರದಲ್ಲಿ ಪೈಲಟ್. ಅತ್ತೆಗೆ ಸಂಭ್ರಮ. ಮೂಲೆಯ ಖಾಲಿ ಸೈಟಿನಲ್ಲಿ ದಿನಾ ಕಸ ಸುಡುತ್ತಾರೆ. ಕಾರ್ಪೊರೇಷನ್ನಿಗೆ ಎಷ್ಟು ಫೋನ್ ಮಾಡಿದರೂ ಯಾರೂ ಕಿವಿಗೊಡಲಿಲ್ಲ. ಪೆಟ್ಟಿಗೆ ಹೇಳಿದರೆ ಕೇಳಿಯಾರು...

ಸೆಪ್ಟೆಂಬರ್ 20

ಕಸ ಸುಟ್ಟರು. ಫೋನಿನಲ್ಲಿ ಪೆಟ್ಟಿಗೆಯ ರೀಡಿಂಗ್ ತೋರಿಸುವ ಆ್ಯಪ್ ಕೆಂಪಾಯಿತು. ಖುಷಿಯಿಂದ ಸ್ಟಾರ್ಟಪ್‌ಗೆ ಫೋನ್ ಮಾಡಿದೆ. ಈಗ ಬರೀ ಡೇಟಾ ಕಲೆಕ್ಷನ್ ಮೇಡಂ, ಕಸ ನಮ್ಮ ಸ್ಕೋಪ್‌ನಲ್ಲಿ ಇಲ್ಲ ಅಂದರು. ಅತ್ತೆ ಎಂದಿನಂತೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡರು. ಮನೆಯೊಳಗೆ ಅವರಿಗೆ ಉಸಿರು ಕಟ್ಟುತ್ತದೆ.

ಅಕ್ಟೋಬರ್ 1, ಆಯುಧಪೂಜೆ

ಸ್ಕೂಟರ್, ಮಿಕ್ಸಿ, ಹೊಲಿಗೆ ಮೆಷಿನ್ — ಎಲ್ಲಕ್ಕೂ ಪೂಜೆ ಆಯಿತು. ಅತ್ತೆ ಪೆಟ್ಟಿಗೆಯನ್ನೂ ಬಿಡಲಿಲ್ಲ. ಅರಿಶಿನ ಕುಂಕುಮ ಹಚ್ಚಿ, ಚೆಂಡು ಹೂ ಕಟ್ಟಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಧೂಪ ಹಿಡಿದರು.

"ನಮಗೋಸ್ಕರ ತಾನೆ ಶೈಲ ಅದು ದುಡಿಯೋದು?"

ಬೇಡ ಅನ್ನಲು ಮನಸ್ಸು ಬರಲಿಲ್ಲ.

ಅಕ್ಟೋಬರ್ 3

ಸ್ಟಾರ್ಟಪ್‌ನವರು ಬಂದೇ ಬಿಟ್ಟರು. ಆಯುಧಪೂಜೆ ದಿನ ರೀಡಿಂಗ್ ಎಗರಿತ್ತಂತೆ, ಆಮೇಲೆ ಪೆಟ್ಟಿಗೆ ಸತ್ತೇ ಹೋಯಿತಂತೆ. ಕಸದ ಹೊಗೆಗೆ ಬಾರದವರು ಧೂಪಕ್ಕೆ ಬಂದರು. ಮೈ ಉರಿಯಿತು. ಸ್ಟಾರ್ಟಪ್‌ನ ಇಂಜಿನಿಯರ್ ರವಿಕಿರಣ್ ಒಳ್ಳೆಯವನೇ. ನಗುತ್ತಲೇ ಕುಂಕುಮ ಒರೆಸಿದ. ಅತ್ತೆ ಕೊಟ್ಟ ಕಾಫಿ ಕುಡಿದ. ಆಮೇಲೆ ತಲೆಯೆತ್ತಿ ನೋಡಿದ. ಪ್ಯಾನೆಲ್ ಮೇಲೆಲ್ಲ ಹೊಂಗೆಯ ನೆರಳು. ಬಿಸಿಲಿಲ್ಲದೆ ಚಾರ್ಜ್ ಆಗುತ್ತಿಲ್ಲ ಅಂದ. ಕಂಬವನ್ನೇ ಆಚೆ ಹಾಕಿ ಅಂದೆ.

"ಲೊಕೇಶನ್ ಅಪ್ರೂವ್ ಆಗೋಗಿದೆ ಆಂಟಿ. ಚೇಂಜ್ ಮಾಡಿದ್ರೆ ಗ್ರಾಂಟ್ ನಿಂತೋಗತ್ತೆ. ನಾನು ರಿಪೋರ್ಟ್ ಹಾಕ್ತೀನಿ, ಅಷ್ಟೆ."

ಅಕ್ಟೋಬರ್ 29

ನೆರಳಿನ ರಿಪೋರ್ಟ್ ನೋಡಿ ಮರ ತೆಗೆಯುತ್ತಾರೆ ಅಂತ ಸುದ್ದಿ, ಕಾರ್ಪೊರೇಷನ್ನಿನ ಜಯನಗರದ ಆಫೀಸಿಗೆ ಮತ್ತೆ ಹೋಗಿಬಂದೆ. ಕೊಂಬೆ ಮಾತ್ರ ಸವರುತ್ತಾರಂತೆ. ಅತ್ತೆಗೆ ಹಾಗೆಯೇ ಹೇಳಿದೆ.

ನವೆಂಬರ್ 8

ಮರವನ್ನು ಬುಡಕ್ಕೇ ಕೊಯ್ದರು. ಗೇಟಿನಲ್ಲಿ ನಿಂತು ಕೂಗಾಡಿದೆ. ಗರಗಸದವನು ಆರ್ಡರ್ ತೋರಿಸಿ ಕೆಲಸ ಮುಂದುವರಿಸಿದ. ಅತ್ತೆ ಹೊರಗೆ ಬರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

"ನಾನು ಪೂಜೆ ಮಾಡದೆ ಇದ್ದಿದ್ರೆ ಅವರು ಬರ್ತಾನೇ ಇರ್ಲಿಲ್ಲ, ಅಲ್ವಾ?"

ಹಾಗೇನಿಲ್ಲ ಅತ್ತೆ ಅಂದೆ. ಇಬ್ಬರಿಗೂ ಗೊತ್ತಿತ್ತು.

ನವೆಂಬರ್ 21, ಸಂಜೆ

ಪ್ಯಾನೆಲ್‌ಗೆ ಈಗ ದಿನವಿಡೀ ಬಿಸಿಲು. ಸೆನ್ಸರ್ ಚೆನ್ನಾಗಿ ಕೆಲಸ ಮಾಡುತ್ತಿದೆ. ಮೂಲೆಯಲ್ಲಿ ಹೊಗೆ ಎದ್ದಿದೆ, ಫೋನು ಕೆಂಪಗಿದೆ. ಅತ್ತೆ ಕಿಟಕಿ ಮುಚ್ಚು ಅಂದರು. ಮುಚ್ಚಿದೆ. ಉಸಿರು ಕಟ್ಟುತ್ತದೆ, ತೆಗಿ ಅಂದರು. ತೆಗೆದೆ. ಕುರ್ಚಿ ಹೊರಗೆ ಹಾಕಲೇ ಅಂದೆ. ಎಲ್ಲಿ ಹಾಕ್ತೀಯ ಅಂದರು.

ಮತ್ತೆ ಕರೆಯುತ್ತಿದ್ದಾರೆ. ಮುಚ್ಚಲೋ, ತೆಗೆಯಲೋ —