ಸೊನ್ನೆ ಬಿದ್ದವರು ಓದಿದ ಕಲ್ಲು

ಕೆಲಗೇರಿ, ಧಾರವಾಡ
ಭಾನುವಾರ

ಮೌಲ್ಯಮಾಪನ ಸಮಿತಿಯ ಅಧ್ಯಕ್ಷರಾದ ಪ್ರೊ. ಶಂಭುಲಿಂಗ ಅವರಿಗೆ,

ನೀವು ಅನ್ಯಾಯ ಮಾಡಿದ್ದೀರಿ. ವಿಶ್ವವಿದ್ಯಾಲಯದ ಮಧ್ಯಯುಗ ಅಧ್ಯಯನ ತಂಡ ಹಳ್ಳಿಹಳ್ಳಿ ಸುತ್ತಿ ಶಾಸನಗಳನ್ನು ಓದಿ, ಕನ್ನಡದಲ್ಲಿ ಕಿರುಹೊತ್ತಿಗೆಗಳನ್ನು ಅಚ್ಚು ಹಾಕಿಸಿತು. ಹೊರದೇಶದ ಪತ್ರಿಕೆಗಳಲ್ಲಿ ಏನೂ ಬಂದಿಲ್ಲವೆಂದು ನಿಮ್ಮ ಸಮಿತಿ ಅದಕ್ಕೆ ಸೊನ್ನೆ ಅಂಕ ಕೊಟ್ಟು, ತಂಡವನ್ನೇ ಮುಚ್ಚಲು ಶಿಫಾರಸು ಮಾಡಿದೆ.

ನಾನು ಕಾಲೇಜು ಓದಿದವಳಲ್ಲ. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ ಆ ಹೊತ್ತಿಗೆಗಳನ್ನು ಓದಿ ಕಲಿತವಳು. ನಮ್ಮ ಓಣಿಯವರು ಬಟ್ಟೆ ಒಗೆಯುತ್ತಿದ್ದ ಕಲ್ಲು, ಒಡೆಯುತ್ತಿದ್ದ ಕೆರೆಯ ಏರಿಯನ್ನು ಉಳಿಸಲು ಹೋಗಿ ಸತ್ತ ಜಾಕವ್ವೆ ಎಂಬವಳ ನೆನಪಿಗೆ ಹಿಂದಿನವರು ನೆಟ್ಟ ಶಾಸನವೆಂದು ತಿಳಿದದ್ದು ಅವುಗಳಿಂದಲೇ. ಆಮೇಲೆ ಅಲ್ಲಿ ಯಾರೂ ಬಟ್ಟೆ ಒಗೆದಿಲ್ಲ.

ಈಗ ರಸ್ತೆ ಅಗಲ ಮಾಡಲು ಆ ಕಲ್ಲನ್ನು ಕೀಳುತ್ತಾರಂತೆ. ಹೊತ್ತಿಗೆ ಹಿಡಿದು ಗುತ್ತಿಗೆದಾರನ ಮುಂದೆ ನಿಂತೆ. "ತಂಗಿ, ಆ ತಂಡಕ್ಕ ಸೊನ್ನಿ ಬಿದ್ದೇತಂತ ಪೇಪರ್‌ನ್ಯಾಗ ಬಂದೇತಿ. ಅವರು ಹೇಳಿದ್ದು ಖರೇ ಅಂತ ನಾ ಹೆಂಗ ನಂಬಲಿ?" ಎಂದು ನಕ್ಕ. ಪಕ್ಕದ ಮನೆಯ ಗೌರಕ್ಕ, "ಸೊನ್ನಿ ಕೊಟ್ಟಾವ್ರನ್ನ ಕರಕೊಂಡು ಬಾರವ್ವಾ, ಇಲ್ಲೇ ಕುಂತು ಓದ್ಲಿ" ಎಂದರು. ಅದಕ್ಕೇ ಬರೆಯುತ್ತಿದ್ದೇನೆ.

ಅಂಕದ ಜಗಳ ಆಮೇಲೆ ಆಡೋಣ. ಮೊದಲು ಬಂದು ಕಲ್ಲು ಓದಿ. ತಂಡದ ಓದು ಸರಿಯಿದ್ದರೆ ಗುತ್ತಿಗೆದಾರನಿಗೆ ನಿಮ್ಮ ಬಾಯಿಂದಲೇ ಹೇಳಿ. ನನಗೆ ಬೇರೆ ದಾರಿಯಿಲ್ಲ. ಅಕ್ಷರಗಳು ಸವೆದಿವೆ, ಕನ್ನಡಕ ಮರೆಯಬೇಡಿ.

ಬುಧವಾರ ಬೆಳಿಗ್ಗೆ ಎಂಟಕ್ಕೆ ಜೆಸಿಬಿ ಬರುತ್ತದೆ. ನೀವು ಏಳಕ್ಕೆ ಬನ್ನಿ, ಕಲ್ಲಿನ ಹತ್ತಿರ ಇರುತ್ತೇನೆ. ನೀವು ಬಾರದಿದ್ದರೆ ಎಂಟಕ್ಕೂ ಅಲ್ಲೇ ಇರುತ್ತೇನೆ.

ದ್ರಾಕ್ಷಾಯಿಣಿ