ಗುತ್ತೆವ್ವನ ಸಾಲು, ನಿನ್ನ ಸಾಲು

ಅಬಲೂರು
16 ಫೆಬ್ರುವರಿ 2025

ನನ್ನ ಮುದ್ದು ಅಂಕಿತಾ,

ಹೇಗಿದ್ದೀ? ಹಾನಗಲ್ಲಿನ ಹಾಸ್ಟೆಲ್ ಊಟ ಈಗಲಾದರೂ ಸುಧಾರಿಸಿತಾ? ನೀನು ಫೋನಿನಲ್ಲಿ ಅತ್ತ ಮೇಲೆ ನಾಲ್ಕು ದಿನ ನಾನು ಫೋನ್ ಮಾಡಲಿಲ್ಲ, ಸಿಟ್ಟಾಗಬೇಡ. ಮತ್ತೆ ಮಾತಾಡಿದರೆ ನೀನು ಅಳುತ್ತೀ, ನಾನು ಕರಗಿ 'ಆಯ್ತು ಬಿಡು' ಅಂದುಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು. ಅದಕ್ಕೇ ಈ ಕಾಗದ. ಎಮ್ಮೆ ಈದಿತು, ಹೆಣ್ಣುಕರು. ಗಿಣ್ಣ ಮಾಡಿದ್ದೆ, ಯಾರೂ ಸರಿಯಾಗಿ ತಿನ್ನಲಿಲ್ಲ.

ನಮ್ಮ ಬೆಂಡೆ ಬೀಜವನ್ನು ಬೀಜದ ಕಂಪನಿಯವರು ಬಿತ್ತಿ ನೋಡಿದರಂತೆ, ಬೆರಕೆ ಬಂತಂತೆ. ಎಲ್ಲವನ್ನೂ ವಾಪಸು ಕಳಿಸಿದರು. ನಿನ್ನ ಅಪ್ಪ ಅಂಗಳದಲ್ಲೇ ಕೂಗಾಡಿದರು: "ಇದು ಆ ಗುತ್ತೆವ್ವನ ಕೆಲಸ. ಗಡಿಬಿಡಿ ಮಾಡಿ ದಾರ ಕಟ್ಯಾಳ. ಇನ್ನ ಆಕೀನ ಹೊಲಕ್ಕ ಕರೀಬ್ಯಾಡ." ದಸರಾ ರಜೆಯಲ್ಲಿ ಸಾಲು ಹಂಚಿಕೊಂಡು ಹೂವಿನ ಕ್ರಾಸಿಂಗ್ ಮಾಡಿದವರು ನೀನು ಮತ್ತು ಕೂಲಿಗೆ ಬಂದ ಗುತ್ತೆವ್ವ, ಇಬ್ಬರೇ. ಕಾಲೇಜು ಓದುವ ಮಗಳ ಮೇಲೆ ಅನುಮಾನ ಯಾರಿಗೆ ಬರಬೇಕು? ಗುತ್ತೆವ್ವನ ಕೇರಿಯವರ ಮಾತು ನಮ್ಮ ಅಂಗಳದಲ್ಲಿ ಯಾವತ್ತು ನಡೆದಿದೆ? ಈಗ ಬೇರೆ ಹೊಲದವರೂ ಅವಳನ್ನು ಕರೆಯುತ್ತಿಲ್ಲ.

ಫೋನಿನಲ್ಲಿ ನೀನು ಹೇಳಿದ್ದು ಕಿವಿಯಲ್ಲೇ ಇದೆ. "ಯವ್ವಾ, ಸಂಜಿಮುಂದ ನಾ ಮೊಗ್ಗಿನ ಕೇಸರ ತಗೀಲೇ ಇಲ್ಲ. ಗೆಳತ್ಯಾರು ಹಿರೇಕೆರೂರಿಗೆ ಕರದ್ರು, ಹೋದೆ. ಮುಂಜಾನೆ ಸುಮ್ನ ದಾರ ಕಟ್ಟಿಬಿಟ್ಟೆ. ಅಪ್ಪಗ ನೀನ ಹೇಳ ಬೇ."

ಗಂಡು ಕೇಸರ ತೆಗೆದು, ಬೇರೆ ತಳಿಯ ಪರಾಗ ಹಚ್ಚಿದ ಹೂವಿಗೆ ಮಾತ್ರ ದಾರ ಕಟ್ಟಬೇಕು. ದಾರ ಕಂಡ ಕಾಯನ್ನೇ ನಾವು ಬೀಜಕ್ಕೆ ಬಿಡುವುದು; ಕೇಸರ ಉಳಿದ ಹೂವಿನ ಕಾಯಿ ಅದರಲ್ಲಿ ಸೇರಿದರೆ ಬೀಜ ಬೆರಕೆಯೇ. ಚಿಕ್ಕಂದಿನಿಂದ ನೋಡಿದವಳಿಗೆ ಇದನ್ನು ಹೇಳಿಕೊಡಬೇಕಿತ್ತೇ?

ಇಲ್ಲ ಮಗಳೇ, ನಾನು ಹೇಳುವುದಿಲ್ಲ. ಅಪ್ಪನಿಗೆ ರೊಟ್ಟಿ ಬಡಿಸುವಾಗ ಎರಡು ಸಲ ಬಾಯಿಗೆ ಬಂತು, ಇನ್ನೊಂದು ರೊಟ್ಟಿ ಹಾಕಿ ಒಳಗೆ ಹೋದೆ. ಓದುವ ಕಾಲೇಜನ್ನು ಹಟ ಹಿಡಿದು ನೀನೇ ಆರಿಸಿಕೊಂಡೆ. ಅವತ್ತು ಗೆಳತಿಯರ ಜೊತೆ ಹೋಗುವುದನ್ನೂ ನೀನೇ ಆರಿಸಿಕೊಂಡೆ. ಇದೊಂದನ್ನು ನನ್ನ ಸೆರಗಿಗೆ ಕಟ್ಟಿದರೆ ಹೇಗೆ?

ಬರುವ ಶನಿವಾರ ಬಸ್ಸು ಹತ್ತಿ ಬಾ. ಮೊದಲು ಅಪ್ಪನಿಗೆ ಹೇಳು, ಆಮೇಲೆ ಗುತ್ತೆವ್ವನ ಮನೆಗೆ ಹೋಗಿ ಹೇಳು. ಅಪ್ಪ ಕಾಲೇಜು ಬಿಡಿಸುತ್ತೇನೆ ಅಂತ ಕೂಗಬಹುದು. ಅದಕ್ಕೆ ನಾನು ಅಡ್ಡ ನಿಲ್ಲುತ್ತೇನೆ. ಬೈಗುಳ ಮಾತ್ರ ನೀನೇ ತಿನ್ನಬೇಕು. ನೀನು ಬರದಿದ್ದರೆ ಭಾನುವಾರ ನಾನೇ ಬಾಯಿ ಬಿಡುತ್ತೇನೆ. ಆಗ ನೀನು ಒಪ್ಪಿಕೊಂಡಂತಾಗುವುದಿಲ್ಲ, ಸಿಕ್ಕಿಬಿದ್ದಂತಾಗುತ್ತದೆ.

ನನಗೂ ಸಾಕಾಗಿದೆ. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಮನೆಯೊಳಗೆ ಓಡಾಡುವುದು ಹೊಲದ ಕೆಲಸಕ್ಕಿಂತ ದಣಿವು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕಾಲಿಗೆ ಬಸ್ಸಿಳಿದು ಮನೆಯ ತನಕ ನಡೆದು ಬರುವ ಶಕ್ತಿ ಸಿಗಲಿ.

ಇಂತಿ ನಿನ್ನ ಅವ್ವ,
ಸಿದ್ದವ್ವ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ನಿನ್ನೆ ಗುತ್ತೆವ್ವನ ಮನೆಗೆ ಹೋಗಿದ್ದೆ. ಜಗಳ ತೆಗೆಯುತ್ತಾಳೆ ಅಂದುಕೊಂಡೆ, ತೆಗೆದಿದ್ದರೆ ಚೆನ್ನಾಗಿತ್ತು. ಕಟ್ಟೆಯ ಮೇಲೆ ಹಳೆ ಸೀರೆಗಳ ಕೌದಿ ಹೊಲಿಯುತ್ತಾ ಕುಳಿತಿದ್ದಳು. "ತಪ್ಪು ನಂದ ಇರಬೇಕು ಬಿಡ್ರಿ ಅಕ್ಕಾರ. ಕಣ್ಣ ಮಂದ ಆಗ್ಯಾವ, ಕೇಸರ ಉಳದದ್ದು ಕಂಡಿಲ್ಲ ನನಗ. ಅಂಕಿತಾನ ಸಾಲಿನಾಗರ ಛಲೋ ಬಂದಿತ್ತಲ್ರಿ?" ಅಂತ ಕೇಳಿದಳು. ಇನ್ನು ಈ ಕೆಲಸಕ್ಕೆ ಬರುವುದಿಲ್ಲವಂತೆ, ಹಾವೇರಿಗೆ ಹೋಗಿ ಕಣ್ಣು ತೋರಿಸಿಕೊಳ್ಳುತ್ತಾಳಂತೆ. ಹಾಗೆ ಹೇಳುತ್ತಲೇ, ಸಂಜೆಯ ಮಬ್ಬಿನಲ್ಲಿ, ಒಂದೇ ಸಲಕ್ಕೆ ಸೂಜಿ ಪೋಣಿಸಿದಳು.